ಸರೋವರದ ಕಡೆಯ ಗೋಡೆ

ನೊಬುಯೊ ಪೊರಕೆ ಹಿಡಿದು ನಕ್ಷೆಯ ಫಲಕದ ಮೇಲೆ ಕೂತಿದ್ದ ಹಿಮ ಕೊಡವುತ್ತಿದ್ದಾಗ ಸಾಸಿವೆ ಬಣ್ಣದ ಜಾಕೆಟು ತೊಟ್ಟ ಹಿರಿಯರೊಬ್ಬರು ಬೆಟ್ಟ ಹತ್ತಿಸುವ ಕುರ್ಚಿ ಲಿಫ್ಟಿನಿಂದ ಇಳಿದು ಬಂದು, ಅವಳ ಕೆಲಸ ಮುಗಿಯಲಿ ಎಂದು ಎರಡು ಹೆಜ್ಜೆ ಹಿಂದೆಯೇ ನಿಂತರು. ಅವಳು ಪಕ್ಕಕ್ಕೆ ಸರಿದ ಮೇಲೆ ಹತ್ತಿರ ಹೋಗಿ, ‘ನೀವು ಇಲ್ಲಿದ್ದೀರಿ’ ಎಂದು ಬರೆದಿದ್ದ ಕೆಂಪು ಚುಕ್ಕೆಯ ಮೇಲೆ ಕೈಗವಸಿನ ಬೆರಳಿಟ್ಟರು. ಬೆರಳು ಮೆಲ್ಲಗೆ ಎಡಕ್ಕೆ ಹರಿಯಿತು. ಒಮ್ಮೆ ತಲೆ ತಿರುಗಿಸಿ ಬೆನ್ನ ಹಿಂದೆ ನೋಡಿದರು. ಅಲ್ಲಿ ನೋಡುವುದಕ್ಕೆ ಏನೂ ಇರಲಿಲ್ಲ. ಮಧ್ಯಾಹ್ನದಿಂದ ಸರೋವರವನ್ನೂ ಊರನ್ನೂ ಮಂಜು ನುಂಗಿ ಕೂತಿತ್ತು. ಲಿಫ್ಟಿನ ಕುರ್ಚಿಗಳು ಕೂಡ ಹತ್ತು ಮಾರು ದೂರದಲ್ಲಿ ಆಗಷ್ಟೇ ಹುಟ್ಟಿದ ಹಾಗೆ ಕಾಣಿಸಿಕೊಳ್ಳುತ್ತಿದ್ದವು. ಹಿರಿಯರು ಅವಳಿಗೆ ತಲೆಬಾಗಿ ವಂದಿಸಿ, ಸ್ಕೀ ಕೋಲು ಊರುತ್ತ ಎಡಕ್ಕೆ ಹೊರಟರು.

ಆ ಕಡೆ ನಾಲ್ಕಾರು ಫರ್ ಮರಗಳಿದ್ದವು. ಚಳಿಯಲ್ಲಿ ಲಿಫ್ಟೇರಿ ಬಂದ ಗಂಡಸರು ಮೊದಲು ಹುಡುಕುವುದು ಅವನ್ನೇ. ಇವರೂ ಅದಕ್ಕೇ ಹೋದರು ಅಂದುಕೊಂಡು ನೊಬುಯೊ ಮುಖ ತಿರುಗಿಸಿ, ಸಲಿಕೆ ಎತ್ತಿಕೊಂಡು, ಜನ ಇಳಿಯುವ ಜಾಗದ ಹಿಮ ಸರಿಸಲು ಹೋದಳು. ಗಂಡಸರಿಗೆ ಇಡೀ ಬೆಟ್ಟವೇ ಪಾಯಿಖಾನೆ ಎಂದು ಗೊಣಗಿಕೊಂಡಳು. ಆಗ ಗಂಟೆ ಮೂರು ಹತ್ತು.

ನೊಬುಯೊಗೆ ಐವತ್ತೊಂಬತ್ತು. ಬೇಸಿಗೆಯಲ್ಲಿ ಕಮಿಹಾರಾ ಊರಿನ ತನ್ನ ಗದ್ದೆಯಲ್ಲಿ, ಚಳಿಗಾಲದಲ್ಲಿ ಊರ ಬೆನ್ನಿಗಿರುವ ಸ್ಕೀ ಬೆಟ್ಟದ ನೆತ್ತಿಯ ಮೇಲೆ. ಕೊನೆಯ ಲಿಫ್ಟು ಬಂದು ಮುಗಿಯುವ ಬೆಟ್ಟದ ಏಣಿನ ಮೇಲಿನ ಗುಡಿಸಲಲ್ಲಿ ಕೂತು, ಇಳಿಯುವವರು ಮುಗ್ಗರಿಸಿದರೆ ಗುಂಡಿ ಒತ್ತಿ ಲಿಫ್ಟು ನಿಲ್ಲಿಸುವುದು ಅವಳ ಕೆಲಸ. ಇಪ್ಪತ್ತೆರಡು ಚಳಿಗಾಲ ಹೀಗೇ ಕಳೆದಿದ್ದವು. ಬಾಯಿ ಸ್ವಲ್ಪ ಜೋರು. ಪಟ್ಟಣದಿಂದ ಬಂದವರು ಮಡಿಸಿದ ನಕ್ಷೆ ಬಿಚ್ಚಿ, ಅತ್ತ ತಿರುಗಿಸಿ ಇತ್ತ ತಿರುಗಿಸಿ, ಕೊನೆಗೆ ತಾವೇ ಒಂದು ಸುತ್ತು ತಿರುಗುವುದನ್ನು ನೋಡುವುದೆಂದರೆ ಅವಳಿಗೆ ಪುಕ್ಕಟೆ ನಾಟಕ. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಎಂದು ಚುಡಾಯಿಸಿ, ಆಮೇಲೆ ಕೈ ಹಿಡಿದು ದಾರಿ ತೋರಿಸುತ್ತಿದ್ದಳು. ಹೋದ ತಿಂಗಳು ಇಂಥದೇ ಮಂಜಿನ ದಿನ ಒಬ್ಬಳು ಹುಡುಗಿ ಸ್ಕೀ ಹೆಗಲಿಗೇರಿಸಿಕೊಂಡು, ಸೊಂಟದುದ್ದದ ಹಿಮದಲ್ಲಿ ಏದುಸಿರು ಬಿಡುತ್ತ ವಾಪಸು ಹತ್ತಿ ಬಂದು, ನಿಮ್ಮ ನಕ್ಷೆ ಸುಳ್ಳು ಹೇಳುತ್ತದೆ ಎಂದಿದ್ದಳು. ನೊಬುಯೊ ಅವಳಿಗೆ ಬಿಸಿ ಟೀ ಕೊಟ್ಟು ಕಳಿಸಿ, ಸಂಜೆ ಟಿಕೇಟು ಕಿಟಕಿಯ ಹಾತ್ಸುಯೆ ಜೊತೆ ಅದನ್ನೇ ಹೇಳಿಕೊಂಡು ನಕ್ಕಿದ್ದಳು.

ಫಲಕ ಬರೆದವರು ಕುರಾಮೋಚಿ ಎಂಬ ಮುದುಕರು. ಮೂವತ್ತು ವರ್ಷದ ಹಿಂದೆ ಐದು ದಿನ ಈ ಏಣಿನ ಮೇಲೆ ಕೂತು ಬರೆದಿದ್ದರು. ಈ ಸೀಮೆಯಲ್ಲಿ ಫಲಕ ಬರೆಯುವವರು ದಿಕ್ಕು ನೋಡುವುದಿಲ್ಲ, ನಿಂತು ನೋಡುವವರ ಕಣ್ಣೆದುರಿಗೆ ಏನಿದೆಯೋ ಅದನ್ನು ಮೇಲುಗಡೆ ಬರೆಯುತ್ತಾರೆ. ಆಗ ಫಲಕವಿದ್ದದ್ದು ಗುಡಿಸಲಿನ ಬೆಟ್ಟದ ಕಡೆಯ ಗೋಡೆಗೆ. ಅದರ ಮುಂದೆ ನಿಂತವರಿಗೆ ಗುಡಿಸಲಿನ ಆಚೆ ಸರೋವರ ಕಾಣುತ್ತಿತ್ತು. ಹಾಗಾಗಿ ಸರೋವರ ಮೇಲೆ. ಎಡಗಡೆ ಊರಿಗಿಳಿಯುವ ಶಿರಾಕಾಬಾ ಇಳಿಜಾರು. ಬಲಗಡೆ ನೆಕೊಸಾವಾ ಕಮರಿ. ಕಮರಿಯಲ್ಲಿ ಒಂದು ಮರವನ್ನೂ ಬರೆಯದೆ ಬರೀ ಬೂದಿ ಬಣ್ಣ ಬಳಿದು ಬಿಟ್ಟಿದ್ದರು. “ಬೋರ್ಡು ಕದಲಿಸಿದ್ರೆ ಬೆಟ್ಟಾನೇ ಕದಲಿಸಿದ ಹಾಗೆ” ಎಂದು ಅವರು ಹೇಳುತ್ತಿದ್ದದ್ದನ್ನು ಊರವರು ಮುದುಕರ ಜಂಬ ಅಂದುಕೊಂಡಿದ್ದರು. ಅವರು ತೀರಿಕೊಂಡು ಎಂಟು ವರ್ಷವಾಯಿತು. ಹೋದ ಚಳಿಗಾಲದ ಹಿಮದ ಭಾರಕ್ಕೆ ಹಳೆಯ ಗುಡಿಸಲು ಕುಸಿದು, ಶರತ್ಕಾಲದಲ್ಲಿ ಅದೇ ಜಾಗದಲ್ಲಿ ಹೊಸದು ಎದ್ದಿತು. ಫಲಕ ಎಲ್ಲಿ ಹೊಡೆಯಲಿ ಎಂದು ಬಡಗಿಗಳು ಕೇಳಿದಾಗ, ಹಳೆಯ ಗೋಡೆಯ ಬುಡಕ್ಕೆ ದಿನಾ ಗಾಳಿ ತಂದು ಸುರಿಯುವ ಹಿಮ ತೋಡಿ ತೋಡಿ ಸೊಂಟ ಬಿದ್ದುಹೋಗಿದೆ, ಈ ಸಲ ಸರೋವರದ ಕಡೆಯ ಗೋಡೆಗೇ ಹಾಕಿ, ಅಲ್ಲಿ ಸೂರು ಉದ್ದವಿದೆ ಎಂದು ನೊಬುಯೊ ಹೇಳಿದ್ದಳು. ನಾಲ್ಕು ಮೊಳೆಯ ಕೆಲಸ. ಯಾರೂ ಎರಡನೆಯ ಮಾತು ಆಡಲಿಲ್ಲ.

ಮೂರೂವರೆಗೆ ದಿನದ ಕೊನೆಯ ಗಿರಾಕಿಗಳಾಗಿ ಬಂದ ಗಂಡ ಹೆಂಡತಿ ಇಬ್ಬರಿಗೂ ದಾರಿ ತೋರಿಸಿ ಕಳಿಸಿದ ಮೇಲೆ ನೊಬುಯೊ ಒಲೆಗೆ ಸೀಮೆಎಣ್ಣೆ ಇದೆಯೇ ನೋಡಿ, ಬಾಗಿಲು ಹಾಕುವ ಮುಂಚೆ ಫಲಕವನ್ನು ಇನ್ನೊಮ್ಮೆ ಒರೆಸಲು ಹೊರಗೆ ಬಂದಳು. ಸಾಸಿವೆ ಬಣ್ಣದ ಜಾಕೆಟಿನವರು ಬೆರಳಿಟ್ಟಿದ್ದ ಜಾಗದಲ್ಲಿ ಗಾಜಿನಂಥ ಹಿಮದ ಮೇಲೆ ಗೆರೆಯೊಂದು ಉಳಿದಿತ್ತು, ಕೆಂಪು ಚುಕ್ಕೆಯಿಂದ ಎಡಕ್ಕೆ. ಅವಳು ಆ ಗೆರೆಯ ಮೇಲೆ ಬಟ್ಟೆ ಆಡಿಸಿದಳು. ಬಟ್ಟೆ ಶಿರಾಕಾಬಾ ತಲುಪಿತು. ತಾನೇತಾನಾಗಿ ಅವಳ ತಲೆ ಎಡಕ್ಕೆ ತಿರುಗಿತು.

ಎಡಕ್ಕೆ ಶಿರಾಕಾಬಾ ಇರಲಿಲ್ಲ. ಎಡಕ್ಕೆ ಫರ್ ಮರಗಳು, ಅವುಗಳ ಆಚೆ ನೆಕೊಸಾವಾ.

ಸರೋವರ ಅವಳ ಬೆನ್ನಿಗಿತ್ತು. ಫಲಕದಲ್ಲಿ ಅದು ಮೇಲುಗಡೆ, ಕಣ್ಣೆದುರಿಗೇ ಇರುವ ಹಾಗಿತ್ತು. ಬಿಸಿಲಿದ್ದ ದಿನ ಹಿಂದಿರುಗಿ ಒಮ್ಮೆ ನೋಡಿದರೆ ಯಾರಿಗೂ ಗೊತ್ತಾಗುತ್ತಿತ್ತು. ಇಂಥ ದಿನ ಏನು ನೋಡಿ ತಿಳಿಯಬೇಕು? ಚಳಿಗಾಲ ಶುರುವಾದಾಗಿನಿಂದ ನಲವತ್ತು ದಿನ, ದಿನಕ್ಕೆ ಐದಾರು ಸಲ ಈ ಫಲಕ ಒರೆಸಿದ್ದಳು. ಒಂದು ಸಲವೂ ಓದಿರಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಈ ಬೆಟ್ಟದಲ್ಲಿ ಹುಟ್ಟಿದವರು ಯಾರೂ ಇಲ್ಲಿಯ ನಕ್ಷೆ ಓದುವುದಿಲ್ಲ. ಟೀ ಕುಡಿಸಿ ಕಳಿಸಿದ ಹುಡುಗಿಯ ಕೆಂಪಾದ ಮುಖ ಅವಳಿಗೆ ನೆನಪಾಯಿತು.

ಮರಗಳವರೆಗೆ ಓಡಿದಳು. ಸ್ಕೀಯ ಜೋಡಿಗೆರೆ ಇಪ್ಪತ್ತು ಹೆಜ್ಜೆ ದೂರ ಅರೆಬರೆ ಕಂಡಿತು, ಅಲ್ಲಿಂದಾಚೆ ಗಾಳಿ ಎಲ್ಲವನ್ನೂ ಒರೆಸಿ ಹಾಕಿತ್ತು. ಯಾರೂ ಇಳಿಯದಂತೆ ಕಮರಿಯ ಅಂಚಿಗೆ ಕಟ್ಟಿದ್ದ ಹಗ್ಗ ರಾತ್ರಿಯ ಹಿಮದಲ್ಲಿ ಕಂಬಗಳ ಸಮೇತ ಹೂತುಹೋಗಿತ್ತು. ಬೆಟ್ಟ ಕಾಯುವ ಗಸ್ತಿನವರಲ್ಲಿ ಇಬ್ಬರಿಗೆ ಜ್ವರ. ಬೇರೆ ಕಡೆಯ ಹಗ್ಗ ಎತ್ತಿ ಕಟ್ಟುವುದರಲ್ಲೇ ಉಳಿದವರಿಗೆ ಮಧ್ಯಾಹ್ನವಾಗಿ, ಈ ಕಡೆ ಬಂದೇ ಇರಲಿಲ್ಲ. ಅವಳು ಕೂಗಿದಳು. ಕೂಗು ಮಂಜಿನಲ್ಲಿ ಹತ್ತಿಗೆ ಗುದ್ದಿದ ಹಾಗೆ ಅಲ್ಲೇ ಅಡಗಿತು.

ಗುಡಿಸಲಿಗೆ ಮರಳಿ ವಾಕಿಟಾಕಿ ಕೈಗೆತ್ತಿಕೊಂಡವಳು ಗುಂಡಿ ಒತ್ತಲಿಲ್ಲ.

ಗಸ್ತಿನ ಮುಖ್ಯಸ್ಥ ತೊಕುಜಿ ಅವಳ ತಮ್ಮ. ಬೆಳಿಗ್ಗೆಯೇ ಎಲ್ಲರನ್ನೂ ನಿಲ್ಲಿಸಿ ಹೇಳಿದ್ದ: ಹೋದ ವಾರದ ಬಿಸಿಲಿಗೆ ಕರಗಿ ಗಟ್ಟಿಯಾದ ಪದರದ ಮೇಲೆ ಈಗ ಎರಡು ಮೊಳ ಹೊಸ ಹಿಮ ಕೂತಿದೆ, ನೆಕೊಸಾವಾದಲ್ಲಿ ಒಂದು ಬೆಕ್ಕು ಕಾಲಿಟ್ಟರೂ ಬೆಟ್ಟವೇ ನಡುಗುವಂತೆ ಹಿಮವೆಲ್ಲ ಕುಸಿದು ಜಾರುತ್ತದೆ, ಚಿನ್ನ ಬಿದ್ದಿದೆ ಅಂದರೂ ಇವತ್ತು ಯಾರೂ ಇಳಿಯಕೂಡದು. ಹೇಳಿದವನು ಅವನೇ, ಇಳಿಯುವವನೂ ಅವನೇ ಎಂದು ನೊಬುಯೊಗೆ ಗೊತ್ತಿತ್ತು. ಅವರ ಅಪ್ಪ ಮೊಲಕ್ಕೆ ಉರುಲು ಹಾಕಲು ಹೋಗಿ ಮಂಜಿನಲ್ಲಿ ದಾರಿ ತಪ್ಪಿದಾಗ ಅವಳಿಗೆ ಹದಿನಾರು, ತೊಕುಜಿಗೆ ಒಂಬತ್ತು. ಊರ ಹಿರಿಯರು ಸೇರಿ, ಬೆಳಗಾಗಲಿ ಎಂದು ತೀರ್ಮಾನ ಮಾಡಿದ್ದರು. ಬೆಳಿಗ್ಗೆ ಅಪ್ಪ ನೆಕೊಸಾವಾದ ಬಾಯಲ್ಲಿ, ಊರ ಕೊನೆಯ ಮನೆಯಿಂದ ನಾನೂರು ಹೆಜ್ಜೆ ದೂರದಲ್ಲಿ, ಬೀಚ್ ಮರಕ್ಕೆ ಒರಗಿ ಕೂತಂತೆ, ಹೆಪ್ಪುಗಟ್ಟಿ ಸಿಕ್ಕಿದರು. ಮುಖ್ಯಸ್ಥನಾದ ವರ್ಷವೇ ತೊಕುಜಿ ಮುಚ್ಚಿಹೋದ ಶಾಲೆಯ ಗಂಟೆಯನ್ನು ಹೊತ್ತು ತಂದು ಗುಡಿಸಲಿನ ಸೂರಿಗೆ ನೇತುಹಾಕಿದ. ಮಂಜಿನಲ್ಲಿ ಯಾರಾದರೂ ಕಳೆದುಹೋದರೆ ಅದನ್ನು ಹೊಡೆಯಬೇಕು.

ಹೇಳದೆ ಇದ್ದುಬಿಟ್ಟರೆ? ಸಂಜೆ ಆರಕ್ಕೆ ವಾಹನ ನಿಲ್ಲುವ ಜಾಗದಲ್ಲಿ ಒಂದು ಕಾರು ಉಳಿದಿರುತ್ತದೆ. ಆಗ ಕತ್ತಲು. ಕತ್ತಲಲ್ಲಿ ಯಾರೂ ಇಳಿಯುವ ಹಾಗಿಲ್ಲ, ತೊಕುಜಿಯೂ. ಬೆಳಿಗ್ಗೆ ಹೆಲಿಕಾಪ್ಟರು ಬರುತ್ತದೆ. ಅವಳು ನೋಡಿದ್ದು ಯಾರಿಗೂ ಗೊತ್ತಿಲ್ಲ. ತಮ್ಮ ಮನೆಗೆ ಬಂದು ಊಟ ಮಾಡುತ್ತಾನೆ. ಈ ಯೋಚನೆ ಪೂರ್ತಿಯಾಗಿ, ಒಂದೂ ಮೂಲೆ ಬಿಡದೆ, ಅವಳ ತಲೆಯಲ್ಲಿ ಸುತ್ತಿ ಬಂತು. ಅವಳಿಗೆ ಭಯವಾಯಿತು, ತನ್ನ ಮೇಲೆ ಹೇಸಿಗೆಯೂ ಆಯಿತು. ಎರಡು ಹೆಜ್ಜೆ ಹಿಂದೆ ನಿಂತು ಕಾದಿದ್ದ ಆ ಹಿರಿಯರು, ಹೊರಡುವಾಗ ತಲೆಬಾಗಿದ್ದು ಕಣ್ಣಿಗೆ ಕಟ್ಟಿತು.

ಗುಂಡಿ ಒತ್ತಿದಳು.

“ತೊಕು, ಎಲ್ಲಿದೀಯ?”

“ಕೆಳಗೆ, ಲಿಫ್ಟ್ ಹತ್ರ. ಹತ್ತಿ ಬರ್ತಾ ಇದೀನಿ. ಯಾಕಕ್ಕ, ಟೀ ಖಾಲಿ ಮಾಡಿಟ್ಟಿದೀಯಾ?”

“ಒಬ್ರು ನೆಕೊಸಾವಾ ಕಡೆ ಹೋದ್ರು. ವಯಸ್ಸಾದೋರು. ಅರ್ಧ ಗಂಟೆ ಮೇಲಾಯ್ತು.”

ಹಗ್ಗ ಕಾಣಲಿಲ್ಲವೇ, ಬೋರ್ಡು ನೋಡಲಿಲ್ಲವೇ ಎಂದು ತೊಕುಜಿ ಕೇಳಿದ.

“ಬೋರ್ಡ್ ನೋಡಿಯೇ ಹೋದ್ರು ಕಣೋ. ಬೋರ್ಡು ತಿರುಗಾಮುರುಗಾ ಇದೆ. ನಾನೇ ಆ ಗೋಡೆಗೆ ಹಾಕ್ಸಿದ್ದು.”

ಬೆಟ್ಟದಲ್ಲಿ ವಾಕಿಟಾಕಿ ಇದ್ದವರೆಲ್ಲ ಅದನ್ನು ಕೇಳಿಸಿಕೊಂಡರು. ಆಮೇಲೆ ತೊಕುಜಿ ಹಾತ್ಸುಯೆಗೆ ಕಾರುಗಳನ್ನು ನೋಡಿ ಬರಲು ಹೇಳಿದ್ದು ಕೇಳಿಸಿತು. ಐದು ನಿಮಿಷದಲ್ಲಿ ಅವಳ ಉತ್ತರ ಬಂತು: ಹೊರ ಊರಿನ ನಂಬರಿನ ಒಂದು ಬಿಳಿ ಕಾರು ಇದೆ, ಒಳಗೆ ಯಾರೂ ಇಲ್ಲ, ಗಾಜಿನ ಮೇಲೆ ಗೇಣುದ್ದ ಹಿಮ.

ನಾಲ್ಕಕ್ಕೆ ಐದು ನಿಮಿಷವಿರುವಾಗ ಮಂಜಿನೊಳಗಿಂದ ಬಂದ ಕುರ್ಚಿಯಿಂದ ತೊಕುಜಿ ಇಳಿದ. ಬೆನ್ನಿಗೆ ಚೀಲ, ಸಲಿಕೆ, ಹಗ್ಗ. ನೇರವಾಗಿ ಹೋಗಿ ಫಲಕದ ಮುಂದೆ ನಿಂತ. ಕೆಂಪು ಚುಕ್ಕೆ ನೋಡಿದ, ಎಡಕ್ಕೆ ನೋಡಿದ. ಅವನ ಬಾಯಿಂದ ನಗುವಿನಂಥದು ಏನೋ ಹೊರಟಿತು.

“ದಿನಾ ಇದರ ಮುಂದೇನೇ ನಿಂತು ಸಿಗರೇಟು ಸೇದ್ತಿದ್ದೆ ಅಕ್ಕ. ನಮಗ್ಯಾಕೆ ನಕ್ಷೆ, ಅಲ್ವಾ?”

ತಪ್ಪು ತನ್ನೊಬ್ಬಳದಲ್ಲ ಎಂದು ಹೇಳಲಿಕ್ಕೆ ಅವನು ಹಾಗಂದ ಎಂದು ಅವಳಿಗೆ ತಿಳಿಯಿತು. ಅದರಿಂದ ಇನ್ನೂ ಸಂಕಟವಾಯಿತು. ಜೊತೆಗಾರ ಮುರೊಯಿ ಕೆಳಗಿನ ಇಳಿಜಾರು ನೋಡಿಕೊಂಡು ಬರುತ್ತಾನೆ, ಇನ್ನು ನಲವತ್ತು ನಿಮಿಷ, ಅವನು ಬಂದ ಮೇಲೆ ಹೋಗು ಎಂದಳು. ಒಬ್ಬನೇ ಹೋಗಬಾರದೆಂದು ನಿಯಮ ಬರೆದವನು ನೀನೇ ಎಂದಳು. ತೊಕುಜಿ ಸ್ಕೀಯ ಪಟ್ಟಿ ಬಿಗಿ ಮಾಡುತ್ತಿದ್ದ. ನಲವತ್ತು ನಿಮಿಷಕ್ಕೆ ಬೆಳಕು ಹೋಗುತ್ತದೆ, ಮುರೊಯಿ ಮಗುವಿಗೆ ಇನ್ನೂ ಹಲ್ಲು ಬಂದಿಲ್ಲ, ಅವನು ಬಂದರೆ ಮರದ ಹತ್ತಿರವೇ ನಿಲ್ಲಲಿ, ಅಂಚು ದಾಟಕೂಡದು ಎಂದ. ತಾನು ಅಂಚಿನ ಮರಗಳ ಸಾಲು ಬಿಡದೆ ಇಳಿಯುತ್ತೇನೆ, ನಡುಮಧ್ಯಕ್ಕೆ ಹೋಗುವುದಿಲ್ಲ ಎಂದೂ ಹೇಳಿದ. ಆ ಮರಗಳ ಸಾಲು ಅರ್ಧದಲ್ಲೇ ಮುಗಿಯುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು.

“ಬೆಳಗಾಗ್ಲಿ ತೊಕು. ಹೆಲಿಕಾಪ್ಟರ್ ಬರುತ್ತೆ.”

ಅಂದ ಮೇಲೆ ಅವಳಿಗೇ ತನ್ನ ಬಾಯಿ ಮುಚ್ಚಿಕೊಳ್ಳಬೇಕೆನ್ನಿಸಿತು. ತೊಕುಜಿ ಬಗ್ಗಿದ್ದವನು ಎದ್ದು ನಿಂತ.

“ಬೆಳಗಾಗ್ಲಿ ಅಂದೋರ ಮನೆ ಎದುರೇ ನಾವು ಬೆಳೆದಿದ್ದಲ್ವೇನಕ್ಕ?” ಎಂದ. ಸಿಟ್ಟಿರಲಿಲ್ಲ. ಕಿಟಕಿಯೊಳಗೆ ಒಲೆಯ ಪಕ್ಕದ ಡಬ್ಬಿಯಲ್ಲಿ ಉಳಿದಿದ್ದ ಒಂದೇ ಒಂದು ಅನ್ನದ ಉಂಡೆಯ ಮೇಲೆ ಅವನ ಕಣ್ಣು ಬಿತ್ತು. “ಅದನ್ನ ಒಲೆ ಮೇಲಿಟ್ಟಿರು. ಎರಡೂ ಕಡೆ ಕೆಂಪಗೆ ಆಗ್ಬೇಕು. ಬಂದು ತಿಂತೀನಿ. ಗಂಟೆ ಮಾತ್ರ ನಿಲ್ಲಿಸ್ಬೇಡ. ಒಳಗೆ ಇಳಿದ ಮೇಲೆ ನನಗೂ ಅದೇ ದಿಕ್ಕು.”

ಅವನು ಮರಗಳ ನಡುವೆ ಹೋದ. ಕೆಂಪು ಜಾಕೆಟು ಮೊದಲು ಕಂದಿತು, ಆಮೇಲೆ ಬೂದಿಯಾಯಿತು, ಆಮೇಲೆ ಇರಲಿಲ್ಲ.

ನೊಬುಯೊ ಅನ್ನದ ಉಂಡೆಯನ್ನು ಒಲೆಯ ತಟ್ಟೆಯ ಮೇಲಿಟ್ಟು ಬಂದು ಗಂಟೆಯ ಹಗ್ಗ ಹಿಡಿದಳು. ಎರಡು ಹೊಡೆತ, ಒಂದು ಉಸಿರಿನ ಬಿಡುವು, ಮತ್ತೆ ಎರಡು. ಅವಳೇ ಓದಿದ್ದ ಶಾಲೆಯ ಗಂಟೆ. ತಡವಾಗಿ ಓಡಿಬರುತ್ತಿದ್ದ ಒಂಬತ್ತು ವರ್ಷದ ತಮ್ಮನನ್ನು ದಿನಾ ಗದರಿಸಿ ಎಳೆದುಕೊಂಡು ಹೋದ ಗಂಟೆ. ಬಿಡುವಿನಲ್ಲಿ ಕಿವಿಗೊಟ್ಟು ಕೇಳಿದಳು. ಲಿಫ್ಟಿನ ಚಕ್ರದ ಕಿರುಗುಡುವಿಕೆ ಬಿಟ್ಟರೆ ಏನೂ ಇಲ್ಲ. ಖಾಲಿ ಕುರ್ಚಿಗಳು ಒಂದರ ಹಿಂದೊಂದು ಮಂಜಿನಿಂದ ಬಂದು, ಯಾರನ್ನೂ ಇಳಿಸದೆ, ಸುತ್ತು ಹಾಕಿ ಮರಳಿ ಹೋಗುತ್ತಿದ್ದವು. ವಾಕಿಟಾಕಿಯಲ್ಲಿ ಮೊದಲು ಎರಡು ಸಲ ಅವನ ದನಿ ಬಂತು: ಜಾಡು ಸಿಕ್ಕಿಲ್ಲ, ಹಿಮ ಕಾಲಡಿ ಗುಂಯ್ ಅನ್ನುತ್ತಿದೆ. ಆಮೇಲೆ ಕಮರಿ ಅವನ ದನಿಯನ್ನು ನುಂಗಿತು. ನೆಕೊಸಾವಾದೊಳಗೆ ಯಾವಾಗಲೂ ಹಾಗೇ, ಅದರಲ್ಲಿ ಹೊಸದೇನೂ ಇಲ್ಲ ಎಂದು ತನಗೆ ತಾನೇ ಹೇಳಿಕೊಂಡಳು.

ನಾಲ್ಕು ಇಪ್ಪತ್ತಕ್ಕೆ ಗುಡಿಸಲೊಳಗಿನ ಫೋನು ಬಡಿದುಕೊಂಡಿತು. ಅವಳು ಹಗ್ಗ ಬಿಡಲಿಲ್ಲ. ಫೋನು ನಿಂತು ಮತ್ತೆ ಬಡಿದುಕೊಂಡಿತು. ಮೂರನೆಯ ಸಲಕ್ಕೆ ಓಡಿಹೋಗಿ ಎತ್ತಿದಳು.

“ಸಿಕ್ಕಿದ್ರು ಕಣೇ!” ಹಾತ್ಸುಯೆ ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯುವಂತಿರಲಿಲ್ಲ. “ಸಾಸಿವೆ ಬಣ್ಣದ ಜಾಕೆಟ್ ತಾನೆ? ಇಲ್ಲೇ ಕೆಳಗಡೆ ಬಿಸಿನೀರಿನ ಸ್ನಾನದ ಮನೇಲಿದ್ರು. ಬಿಳಿ ಕಾರು ಅವರದೇ. ಮುಖ ಬೇಯಿಸಿದ ಏಡಿ ಥರ ಆಗಿದೆ, ಈಗ ಕೂತು ನೂಡಲ್ಸ್ ತಿಂತಿದಾರೆ.”

ಮರದ ಮರೆಗೆ ಹೋಗಿದ್ದರಂತೆ. ಅಲ್ಲಿಂದ ಲಿಫ್ಟಿನ ಸದ್ದು ಹಿಡಿದು ಗುಡಿಸಲಿನ ಹಿಂಬದಿಯಿಂದಲೇ ಬಂದು ಶಿರಾಕಾಬಾದಲ್ಲಿ ಇಳಿದರಂತೆ. ಆಗ ನೊಬುಯೊ ಅತ್ತ ಬೆನ್ನು ಹಾಕಿಕೊಂಡು ಹಿಮ ಸರಿಸುತ್ತಿದ್ದಿರಬೇಕು. ಮೂವತ್ತೈದು ವರ್ಷ ಭೂಮಾಪನದ ಕೆಲಸ ಮಾಡಿ ನಿವೃತ್ತರಾದವರಂತೆ; ಬೋರ್ಡು ತಿರುಗಿದೆ ಎಂದು ನೋಡಿದ ಕೂಡಲೇ ಗೊತ್ತಾಗಿ, ತಲೆಯೊಳಗೇ ಅದನ್ನು ತಿರುಗಿಸಿಕೊಂಡು ಓದಿದರಂತೆ. “ಬೇರೆಯವರು ಯಾರಾದ್ರೂ ದಾರಿ ತಪ್ಪಬಹುದು, ಸರಿ ಮಾಡಿಸಿ ಅಂತ ಚೀಟಿ ಬರೆದು ದೂರಿನ ಪೆಟ್ಟಿಗೇಲಿ ಹಾಕಿದಾರೆ ಕಣೇ. ಎಷ್ಟು ಚೆನ್ನಾಗಿದೆ ಗೊತ್ತಾ ಅಕ್ಷರ. ತೊಕುಗೆ ಹೇಳು, ಬಂದುಬಿಡಲಿ. ನೊಬು? ಕೇಳಿಸ್ತಾ ಇದೆಯಾ?”

ಕಿಟಕಿಯ ಗಾಜು ಸಣ್ಣಗೆ ನಡುಗುತ್ತಿತ್ತು. ನೊಬುಯೊ ಅದನ್ನೇ ನೋಡುತ್ತಿದ್ದಳು. ಗಾಳಿ ಆಗಲೇ ನಿಂತುಹೋಗಿತ್ತು. ಸೂರಿನ ಹಿಮಗಡ್ಡೆಗಳು ನೆಟ್ಟಗೆ ಜೋತುಬಿದ್ದಿದ್ದವು. ಗಾಜು ನಡುಗಿತು, ಒಲೆಯ ಮೇಲಿನ ಕೆಟಲಿನ ಮುಚ್ಚಳ ಟಿಣಿಟಿಣಿ ಎಂದಿತು, ಸೂರಿನಿಂದ ಒಂದು ಹಿಡಿ ಹಿಮ ಜಾರಿ ಬಿತ್ತು. ಆಮೇಲೆ ಗಾಜೂ ಮುಚ್ಚಳವೂ ನಿಂತವು.

ಅವಳು ರಿಸೀವರನ್ನು ಮೇಜಿನ ಮೇಲಿಟ್ಟಳು. ಅದರೊಳಗೆ ಹಾತ್ಸುಯೆ ಇನ್ನೂ ಮಾತಾಡುತ್ತಿದ್ದಳು. ವಾಕಿಟಾಕಿಯ ಗುಂಡಿ ಒತ್ತಿ, “ತೊಕು, ಸಿಕ್ಕಿದ್ರು. ವಾಪಸ್ ಬಾ” ಎಂದಳು. ಗೊರಗೊರ ಸದ್ದು ಬಂತು. ಮತ್ತೊಮ್ಮೆ ಹೇಳಿದಳು, ಅದೇ ಮಾತು, ಅದೇ ದನಿಯಲ್ಲಿ, ಊಟಕ್ಕೆ ಕರೆಯುವ ಹಾಗೆ.

ಹೊರಗೆ ಬಂದು ಹಗ್ಗ ಹಿಡಿದಳು. ಎರಡು ಹೊಡೆತ, ಒಂದು ಉಸಿರಿನ ಬಿಡುವು, ಮತ್ತೆ ಎರಡು. ಮಂಜಿನಿಂದ ಖಾಲಿ ಕುರ್ಚಿ ಬಂತು, ಹೋಯಿತು. ಇನ್ನೊಂದು ಬಂತು. ಬೆಳಕು ಬೂದಿ ಬಣ್ಣಕ್ಕೆ ತಿರುಗುತ್ತಿತ್ತು. ಒಳಗಿಂದ ಅನ್ನದ ಉಂಡೆ ಸೀಯುವ ವಾಸನೆ ಬರತೊಡಗಿತು. ಒಂದು ಕಡೆ ಆಗಲೇ ಕಪ್ಪಾಗಿರಬೇಕು. ತಿರುವಿ ಹಾಕಬೇಕಿತ್ತು, ಆದರೆ ಅದಕ್ಕೆ ಹಗ್ಗ ಬಿಡಬೇಕಾಗಿತ್ತು. ಅವಳು ಬಿಡಲಿಲ್ಲ.